ನೀರು ಸೋಸಿ ಕುಡಿಯುವವರ ವಾಹನಕ್ಕೆ ಎಷ್ಟು ನೀರು ಬೇಕು?

ಪೆಟ್ರೋಲಿನಲ್ಲಿ ಶೇಕಡ 20 ರಷ್ಟು ಎಥನಾಲ್ ಬೆರೆಸುವ ನೀತಿಯ ಬಗ್ಗೆ 2025 ರಲ್ಲಿ ಎದ್ದ ಗದ್ದಲವನ್ನು ನೆನಪಿಸಿಕೊಳ್ಳಿ. ಮೈಲೇಜು ಇಳಿಯಿತೆಂದು ಕಾರಿನ ಒಡೆಯರು ದೂರಿದರು. ಹಳೆಯ ವಾಹನಗಳ ರಬ್ಬರ್ ಕೊಳವೆಗಳಿಗೆ ಹಾನಿಯೆಂಬ ಆತಂಕ ಹಬ್ಬಿತು. ಎಥನಾಲ್ ಬೆರೆಸದ ಪೆಟ್ರೋಲನ್ನೂ ಬಂಕುಗಳಲ್ಲಿ ಮಾರಬೇಕೆಂದು ಕೋರಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ ಆ ವರ್ಷದ ಸೆಪ್ಟೆಂಬರ್ 1 ರಂದು ತಳ್ಳಿಹಾಕಿತು. ಇಷ್ಟೆಲ್ಲ ಚರ್ಚೆಯಲ್ಲಿ ಎಂಜಿನ್ನಿನ ಆರೋಗ್ಯ ವಿಚಾರಿಸಿದವರು ಸಾವಿರಾರು ಜನ. ಆ ಎಥನಾಲಿಗಾಗಿ ಭೂಮಿಯಿಂದ ಎತ್ತಿದ ನೀರನ್ನು ವಿಚಾರಿಸಿದವರು ಬೆರಳೆಣಿಕೆಯಷ್ಟು.

ನಮ್ಮ ಸಮಾಜದ ಮಾತುಕತೆಗಳಲ್ಲಿ ಇನ್ನೊಂದು ಪ್ರಶ್ನೆ ಸುಳಿದಾಡುತ್ತಿದೆ. ಎಥನಾಲ್ ಎಂದರೆ ಮದ್ಯಸಾರವಲ್ಲವೇ? ಮದ್ಯತ್ಯಾಗ ನಮ್ಮ ಮೂಲಗುಣಗಳಲ್ಲೊಂದು; ಹಾಗಿರುವಾಗ ಮದ್ಯಸಾರ ಸುಟ್ಟು ಓಡುವ ವಾಹನದಲ್ಲಿ ಬಸದಿಗೆ ಹೋಗಬಹುದೇ? ಪ್ರಶ್ನೆಯ ಹಿಂದಿನ ಅಂಜಿಕೆ ಪ್ರಾಮಾಣಿಕವಾದದ್ದೇ ಇರಬಹುದು. ಆದರೆ ಅದು ಹುಡುಕುತ್ತಿರುವ ಜಾಗ ಬೇರೆ. ಮದ್ಯವನ್ನು ಏಕೆ ಬಿಡಬೇಕೆಂಬುದಕ್ಕೆ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕೊಟ್ಟ ಕಾರಣಗಳಲ್ಲಿ ಒಂದು, ಅದು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನ ಎಂಬುದು. ಅಂದರೆ ಅವರು ನೋಡಿದ್ದು ಪದಾರ್ಥದ ಹೆಸರನ್ನಲ್ಲ, ಅದರಲ್ಲಿ ಅಡಗಿರುವ ಜೀವಘಾತವನ್ನು. ಅದೇ ಅಳತೆಗೋಲನ್ನು ಎಥನಾಲಿಗೂ ಹಿಡಿಯಬೇಕು: ಬಂಕಿನಲ್ಲಿ ಪೈಪು ಹಿಡಿದು ನಿಲ್ಲುವ ಕ್ಷಣಕ್ಕೆ ಮುಂಚೆ, ಹೊಲದಲ್ಲಿ, ಬಾವಿಯಲ್ಲಿ, ಕಾರ್ಖಾನೆಯ ಹಿಂಬದಿಯ ಹಳ್ಳದಲ್ಲಿ ಏನೇನು ನಡೆದಿದೆ?

ಈ ಲೇಖನದ ವಾದ ಸರಳವಾದದ್ದು. ಕಸದಿಂದ ತೆಗೆದ ಇಂಧನ ಬೇರೆ, ಅನ್ನದಿಂದ ತೆಗೆದ ಇಂಧನ ಬೇರೆ. ಎರಡಕ್ಕೂ ಒಂದೇ ಹಸಿರು ಚೀಟಿ ಅಂಟಿಸಿ ಮಾರುವುದು ವಂಚನೆ. ಆ ಚೀಟಿಯನ್ನು ಓದದೆ ಒಪ್ಪಿಕೊಳ್ಳುವುದು, ಅದರಲ್ಲೂ ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜವು ಒಪ್ಪಿಕೊಳ್ಳುವುದು, ಪ್ರಮಾದ. ಪ್ರಮಾದಯೋಗದಿಂದ ಆಗುವ ಪ್ರಾಣಹರಣವೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿರುವುದನ್ನು ಪ್ರತಿವರ್ಷ ದಶಲಕ್ಷಣ ಪರ್ವದಲ್ಲಿ ಕೇಳುವವರು ನಾವು.

ಲಾಭದ ಲೆಕ್ಕ

ಮೊದಲು ಎದುರು ಪಕ್ಷದ ಮಾತನ್ನು ನ್ಯಾಯವಾಗಿ ಮುಂದಿಡಬೇಕು. ಅನೇಕಾಂತವನ್ನು ಬಾಯಲ್ಲಿ ಹೇಳಿ ಏಕಾಂತದಲ್ಲಿ ವಾದಿಸುವುದು ಸಲ್ಲದು.

ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡ 85 ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಆ ಹಣದಲ್ಲಿ ಒಂದು ಪಾಲಾದರೂ ಅರಬ್ ದೇಶಗಳಿಗೆ ಹೋಗುವ ಬದಲು ನಮ್ಮ ಹಳ್ಳಿಗಳಲ್ಲಿ ಉಳಿದರೆ ಬೇಡವೆನ್ನುವವರು ಯಾರು? 2014 ರಲ್ಲಿ ಶೇಕಡ ಒಂದೂವರೆಯಷ್ಟಿದ್ದ ಮಿಶ್ರಣ 2022 ರಲ್ಲಿ ಶೇಕಡ 10 ಕ್ಕೆ ಬಂತು. 2023 ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ-20 ಪೆಟ್ರೋಲನ್ನು ಪ್ರಧಾನಿಯವರು ಬಿಡುಗಡೆ ಮಾಡಿದರು. 2030 ಕ್ಕೆ ಇಟ್ಟುಕೊಂಡಿದ್ದ ಶೇಕಡ 20 ರ ಗುರಿಯನ್ನು ಹಿಂದಕ್ಕೆಳೆದು 2025 ರಲ್ಲೇ ಮುಟ್ಟಿದ್ದಾಯಿತು. ಆಡಳಿತದ ದೃಷ್ಟಿಯಿಂದ ಇದು ಸಣ್ಣ ಸಾಧನೆಯಲ್ಲ.

ಹೊಗೆಯ ಲೆಕ್ಕದಲ್ಲಿಯೂ ಲಾಭವಿದೆ. ನೀತಿ ಆಯೋಗದ 2021 ರ ಮಾರ್ಗಸೂಚಿಯ ಪ್ರಕಾರ ಇ-20 ಬಳಸಿದಾಗ ದ್ವಿಚಕ್ರ ವಾಹನಗಳ ಕಾರ್ಬನ್ ಮಾನಾಕ್ಸೈಡ್ ಶೇಕಡ 50 ರಷ್ಟು, ಕಾರುಗಳದು ಶೇಕಡ 30 ರಷ್ಟು ಇಳಿಯುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಕಬ್ಬಿನ ಎಥನಾಲಿನಿಂದ ಹಸಿರುಮನೆ ಅನಿಲಗಳು ಶೇಕಡ 65 ರಷ್ಟು, ಮೆಕ್ಕೆಜೋಳದ ಎಥನಾಲಿನಿಂದ ಶೇಕಡ 50 ರಷ್ಟು ಕಡಿಮೆಯೆಂದು ಸರ್ಕಾರ ಹೇಳುತ್ತದೆ. ಮುಂಬಯಿ, ದೆಹಲಿಯ ಗಾಳಿಯನ್ನು ಉಸಿರಾಡುವ ನಮ್ಮ ಕುಟುಂಬಗಳಿಗೆ ಇದು ಕಡೆಗಣಿಸುವ ವಿಷಯವಲ್ಲ. ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ ಮಾತ್ರ ಇರುವುದರಿಂದ ಮೈಲೇಜು ಸ್ವಲ್ಪ ತಗ್ಗುತ್ತದೆ. ಅದನ್ನು ದೊಡ್ಡ ದುಃಖವೆಂದು ನಾನು ಎಣಿಸುವುದಿಲ್ಲ. ಲೋಕಹಿತಕ್ಕಾಗಿ ಲೀಟರಿಗೆ ಒಂದೆರಡು ಕಿಲೋಮೀಟರು ಬಿಟ್ಟುಕೊಡಲಾರದವರಿಗೆ ತ್ಯಾಗಧರ್ಮದ ಮಾತೇಕೆ?

ಆದರೆ ಹೊಗೆಯೊಂದನ್ನೇ ತೂಗುವ ತಕ್ಕಡಿ ಅರ್ಧ ತಕ್ಕಡಿ.

ನೀರಿನ ಲೆಕ್ಕ

ಅದೇ ನೀತಿ ಆಯೋಗದ ದಾಖಲೆಯಲ್ಲಿ ಇನ್ನೊಂದು ಅಂಕಿಯಿದೆ. ಭಾಷಣಗಳಲ್ಲಿ ಅದು ಕೇಳಿಬರುವುದಿಲ್ಲ. ಸಕ್ಕರೆಯ ಮೂಲದಿಂದ ಒಂದು ಲೀಟರ್ ಎಥನಾಲ್ ತಯಾರಾಗಲು ಸುಮಾರು 2,860 ಲೀಟರ್ ನೀರು ಬೇಕು. ದೇಶದ ನೀರಾವರಿಯ ನೀರಿನಲ್ಲಿ ಶೇಕಡ 70 ರಷ್ಟನ್ನು ಕಬ್ಬು ಮತ್ತು ಭತ್ತ ಎರಡೇ ಬೆಳೆಗಳು ಕುಡಿಯುತ್ತಿವೆ ಎಂದೂ ಅದೇ ದಾಖಲೆ ಒಪ್ಪಿಕೊಳ್ಳುತ್ತದೆ.

ಈ ಅಂಕಿಯನ್ನು ನಮ್ಮ ಮನೆಯ ಬಾಗಿಲಿಗೆ ತಂದು ನೋಡೋಣ. ನಲವತ್ತು ಲೀಟರ್ ಟ್ಯಾಂಕಿನ ಕಾರಿಗೆ ಇ-20 ತುಂಬಿಸಿದರೆ ಅದರಲ್ಲಿ 8 ಲೀಟರ್ ಎಥನಾಲ್. ಅದು ಕಬ್ಬಿನಿಂದ ಬಂದದ್ದಾದರೆ ಹಿಂದೆ ಸುರಿದ ನೀರು 22,880 ಲೀಟರ್: ಪುಣೆಯ ಹೌಸಿಂಗ್ ಸೊಸೈಟಿಗಳು ಬೇಸಿಗೆಯಲ್ಲಿ ತರಿಸುವ ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ಎರಡು ತುಂಬಿ ಇನ್ನೂ ಮಿಗುವಷ್ಟು. ತಿಂಗಳಿಗೆ ಎರಡು ಸಲ ಟ್ಯಾಂಕು ತುಂಬಿಸುವ ಮನೆಗೆ ವರ್ಷದಲ್ಲಿ ಸುಮಾರು ಐದೂವರೆ ಲಕ್ಷ ಲೀಟರ್.

ಐದು ಲಕ್ಷ ಲೀಟರ್ ಎಂದರೆ ಎಷ್ಟು? 2016 ರ ಏಪ್ರಿಲಿನಲ್ಲಿ ಲಾತೂರು ನಗರದ ನಲ್ಲಿಗಳು ಬತ್ತಿ, ನೀರಿನ ಸಾಲುಗಳಲ್ಲಿ ಗಲಭೆಯಾದೀತೆಂದು ನಿಷೇಧಾಜ್ಞೆ ಹೊರಡಿಸಬೇಕಾಗಿ ಬಂದಾಗ, ನಮ್ಮದೇ ಮಿರಜದಿಂದ ರೈಲಿನಲ್ಲಿ ನೀರು ಕಳಿಸಿದ್ದು ಓದುಗರಿಗೆ ನೆನಪಿರಬೇಕು. ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿದ ಆ ಮೊದಲ ರೈಲು ಹತ್ತು ವ್ಯಾಗನ್ನುಗಳಲ್ಲಿ ಹೊತ್ತೊಯ್ದದ್ದು ಐದು ಲಕ್ಷ ಲೀಟರ್. ಅಂದರೆ ಒಂದು ನಗರದ ಬಾಯಾರಿಕೆಗೆ ದೇಶವೇ ಕಣ್ಣೀರಿಟ್ಟು ಕಳಿಸಿದ ನೀರಿಗಿಂತ ಹೆಚ್ಚನ್ನು ಒಂದು ಕುಟುಂಬದ ಕಾರು ಒಂದು ವರ್ಷದಲ್ಲಿ ಸದ್ದಿಲ್ಲದೆ ಕುಡಿಯಬಲ್ಲದು. ಬಾಯಾರಿದ ಆ ಮರಾಠವಾಡದಲ್ಲೇ ಕಬ್ಬಿನ ಗದ್ದೆಗಳೂ ಸಕ್ಕರೆ ಕಾರ್ಖಾನೆಗಳೂ ಇದ್ದವು, ಈಗಲೂ ಇವೆ.

ಕುಡಿಯುವ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಡಬೇಕೆಂದು ಕಲಿಸಿದ ಪರಂಪರೆ ನಮ್ಮದು. ಜಲಕಾಯ ಜೀವಗಳೆಂದು ನೀರನ್ನೇ ಜೀವವೆಂದು ಬಗೆದ ದರ್ಶನ ಲೋಕದಲ್ಲಿ ವಿರಳ. ಒಂದು ಕೊಡ ನೀರಿನ ಮುಂದೆ ಇಷ್ಟು ಎಚ್ಚರದಿಂದ ನಿಲ್ಲುವವರು ಐದು ಲಕ್ಷ ಲೀಟರಿನ ಮುಂದೆ ಕಣ್ಣು ಮುಚ್ಚುವುದಾದರೆ, ನಾವು ಉಳಿಸಿಕೊಂಡಿರುವುದು ಬಟ್ಟೆಯನ್ನೇ ಹೊರತು ಅದರ ಅರ್ಥವನ್ನಲ್ಲ.

ನ್ಯಾಯಕ್ಕಾಗಿ ಒಂದು ವಿವೇಚನೆ ಇಲ್ಲಿ ಅಗತ್ಯ. ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಕೊನೆಗೆ ಉಳಿಯುವ ಕಾಕಂಬಿಯಿಂದ (ಕಾರ್ಖಾನೆಯವರು ಇದನ್ನು ಸಿ-ಹೆವಿ ಎನ್ನುತ್ತಾರೆ) ಎಥನಾಲ್ ತೆಗೆದರೆ ಅದಕ್ಕಾಗಿ ಒಂದು ಹನಿ ಹೆಚ್ಚಿನ ನೀರೂ ಹೊಲಕ್ಕೆ ಹರಿಯಬೇಕಿಲ್ಲ; ಕಬ್ಬು ಸಕ್ಕರೆಗಾಗಿ ಬೆಳೆದದ್ದು, ಕಾಕಂಬಿ ಅದರ ಉಳಿಕೆ. ಹಿಂದೆ ದೇಶದ ಎಥನಾಲ್ ಬರುತ್ತಿದ್ದುದು ಮುಖ್ಯವಾಗಿ ಹೀಗೆಯೇ. 2018 ರ ಜೈವಿಕ ಇಂಧನ ನೀತಿ ಆ ಗೆರೆಯನ್ನು ಅಳಿಸಿತು. ಸಕ್ಕರೆಯ ಅಂಶ ಇನ್ನೂ ಉಳಿದಿರುವ ಬಿ-ಹೆವಿ ಕಾಕಂಬಿಯಿಂದಲೂ, ನೇರವಾಗಿ ಕಬ್ಬಿನ ಹಾಲಿನಿಂದಲೂ ಎಥನಾಲ್ ತೆಗೆಯಲು ದಾರಿ ತೆರೆಯಿತು. ಅಲ್ಲಿಂದಾಚೆಗೆ ಉಳಿಕೆಯಾಗಿದ್ದದ್ದು ಉದ್ದೇಶವಾಯಿತು. 2023 ರ ಮಳೆ ಕೈಕೊಟ್ಟಾಗ ಅದೇ ಡಿಸೆಂಬರಿನಲ್ಲಿ ಸರ್ಕಾರವೇ ಓಡಿಬಂದು ಕಬ್ಬಿನ ಹಾಲನ್ನು ಎಥನಾಲಿಗೆ ಬಳಸಬಾರದೆಂದು ತಡೆಯಬೇಕಾಯಿತು. ಮುಂದಿನ ವರ್ಷ ಮಳೆ ಬಂದೊಡನೆ ತಡೆ ತೆರವಾಯಿತು. ಒಂದು ಮಳೆಗಾಲದ ಮೇಲೆ ನಿಂತ ಇಂಧನವನ್ನು ಇಂಧನ ಸ್ವಾವಲಂಬನೆಯೆಂದು ಹೇಗೆ ಕರೆಯುವುದು?

ಅನ್ನದ ಲೆಕ್ಕ

ಕಬ್ಬಿನ ಮೇಲಿನ ಆಕ್ಷೇಪಕ್ಕೆ ಇಂದು ಸಿಗುವ ಉತ್ತರ ಸಿದ್ಧವಾಗಿದೆ: ಈಗ ಎಥನಾಲಿನ ಹೆಚ್ಚಿನ ಪಾಲು ಕಬ್ಬಿನದಲ್ಲ, ಧಾನ್ಯದ್ದು. ನಿಜ. ಆದರೆ ಬಾವಿಯಿಂದ ಹೊರಬಂದ ಲೆಕ್ಕ ಈಗ ಕಣಜಕ್ಕೆ ಹೊಕ್ಕಿದೆ, ಅಷ್ಟೇ.

ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್, ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಸಿಗುತ್ತದೆ. ಕಾರಿನ ಟ್ಯಾಂಕಿನಲ್ಲಿರುವ ಆ 8 ಲೀಟರ್ ಅಕ್ಕಿಯದ್ದಾದರೆ ಸುಮಾರು 18 ಕಿಲೋ ಅಕ್ಕಿ. ಪಡಿತರ ಚೀಟಿಯ ಮೇಲೆ ಒಬ್ಬರಿಗೆ ತಿಂಗಳಿಗೆ ಸಿಗುವುದು 5 ಕಿಲೋ. ಹಾಗಾಗಿ ಒಂದು ಸಲ ತುಂಬಿದ ಟ್ಯಾಂಕು ಒಬ್ಬ ಬಡವನ ಮೂರೂವರೆ ತಿಂಗಳ ಪಡಿತರ.

2023 ರ ಜೂನಿನಲ್ಲಿ ಕರ್ನಾಟಕ ಸರ್ಕಾರ ಅನ್ನಭಾಗ್ಯ ಯೋಜನೆಗೆ ಹೆಚ್ಚುವರಿ ಅಕ್ಕಿ ಕೊಳ್ಳಲು ಹಣ ಹಿಡಿದು ಭಾರತ ಆಹಾರ ನಿಗಮದ ಬಾಗಿಲಿಗೆ ಹೋದಾಗ, ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನೇ ಕೇಂದ್ರ ನಿಲ್ಲಿಸಿತು. ರಾಜ್ಯ ಸರ್ಕಾರ ಅಕ್ಕಿಯ ಬದಲು ತಲೆಗೆ 170 ರೂಪಾಯಿಯಂತೆ ನಗದು ಹಂಚಿತು. ಅದೇ ವೇಳೆಯಲ್ಲಿ ಎಥನಾಲ್ ಕಾರ್ಖಾನೆಗಳಿಗೆ ನಿಗಮದ ಅಕ್ಕಿ ಕಿಲೋಗೆ 20 ರೂಪಾಯಿಯಂತೆ ಹೋಗುತ್ತಿತ್ತು. ಅದು ನಿಂತದ್ದು ಜುಲೈಯಲ್ಲಿ. ರಾಜ್ಯ ಮತ್ತು ಕೇಂದ್ರದ ಪಕ್ಷರಾಜಕಾರಣದಲ್ಲಿ ಯಾರು ಸರಿ ಯಾರು ತಪ್ಪು ಎಂಬುದನ್ನು ಬದಿಗಿಡಿ. ಮನುಷ್ಯನ ಹೊಟ್ಟೆಗೆ ಕೊಡಲಾಗದ ಅಕ್ಕಿ ಎಂಜಿನ್ನಿನ ಹೊಟ್ಟೆಗೆ ಕೆಲವು ವಾರಗಳಾದರೂ ಹೋಯಿತು ಎಂಬುದು ಯಾವ ಪಕ್ಷದವರಿಗೂ ನಾಚಿಕೆ ತರಬೇಕಾದ ಸಂಗತಿ.

ಗೋದಾಮುಗಳು ತುಂಬಿ ತುಳುಕಿದ ಮೇಲೆ ನೀತಿ ಮತ್ತೆ ಮಗ್ಗುಲು ಬದಲಿಸಿತು. 2024-25 ರ ಸಾಲಿನಲ್ಲಿ ಎಥನಾಲಿಗೆಂದು ಹಂಚಿಕೆಯಾದ ಅಕ್ಕಿ 52 ಲಕ್ಷ ಟನ್, ಕಿಲೋಗೆ 22 ರೂಪಾಯಿ 50 ಪೈಸೆಯಂತೆ. ಆ ಅಕ್ಕಿಯನ್ನು ಕೊಂಡು, ಸಾಗಿಸಿ, ಕಾಪಾಡಲು ನಿಗಮಕ್ಕೆ ಬೀಳುವ ಖರ್ಚು ಕಿಲೋಗೆ ಸುಮಾರು 40 ರೂಪಾಯಿ. ಉಳಿದದ್ದು ತೆರಿಗೆದಾರನ ಕಿಸೆಯಿಂದ. ತಲೆಗೆ ತಿಂಗಳಿಗೆ 5 ಕಿಲೋ ಲೆಕ್ಕದಲ್ಲಿ 52 ಲಕ್ಷ ಟನ್ ಎಂದರೆ ಎಂಟೂವರೆ ಕೋಟಿಗೂ ಹೆಚ್ಚು ಜನರ ಇಡೀ ವರ್ಷದ ಪಡಿತರ. "ಕೊಳೆಯುವ ಅಕ್ಕಿಯನ್ನು ಇಂಧನ ಮಾಡಿದರೆ ತಪ್ಪೇನು?" ಎಂದು ಕೇಳುವವರಿದ್ದಾರೆ. ಮುಗ್ಗಿದ, ತಿನ್ನಲು ಬಾರದ ಧಾನ್ಯವಾದರೆ ತಪ್ಪಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಗೋದಾಮು ಏಕೆ ತುಂಬುತ್ತದೆ? ಪಂಜಾಬಿನ ಅಂತರ್ಜಲವನ್ನು ಬರಿದುಮಾಡಿ ಬೆಳೆದ ಭತ್ತವನ್ನು ಸರ್ಕಾರವೇ ಮಿತಿಯಿಲ್ಲದೆ ಕೊಳ್ಳುವುದರಿಂದ. ಆ ರೋಗಕ್ಕೆ ಎಥನಾಲ್ ಮದ್ದಲ್ಲ. ರೋಗವನ್ನು ಇನ್ನಷ್ಟು ವರ್ಷ ಮುಂದುವರಿಸಲು ಸಿಕ್ಕ ನೆಪ.

ಮೆಕ್ಕೆಜೋಳದ ಕಥೆಯೂ ಭಿನ್ನವಲ್ಲ. ಮೆಕ್ಕೆಜೋಳವನ್ನು ರಫ್ತು ಮಾಡುತ್ತಿದ್ದ ಭಾರತ ಎಥನಾಲಿನ ಬೇಡಿಕೆಯಿಂದಾಗಿ 2024 ರಲ್ಲಿ ಆಮದು ಮಾಡಿಕೊಳ್ಳುವ ದೇಶವಾಯಿತು. ತೈಲದ ಆಮದು ತಗ್ಗಿಸಲು ಹೊರಟು ಜೋಳದ ಆಮದು ಹೆಚ್ಚಿಸಿಕೊಳ್ಳುವುದು ಯಾವ ಸ್ವಾವಲಂಬನೆ? ಈ ದಾರಿಯಲ್ಲಿ ನಮಗಿಂತ ಮೊದಲು ನಡೆದದ್ದು ಅಮೆರಿಕ. ಅಲ್ಲಿನ ಮೆಕ್ಕೆಜೋಳದ ಮೂರನೇ ಒಂದು ಭಾಗಕ್ಕೂ ಹೆಚ್ಚು ಎಥನಾಲಿಗೆ ಹೋಗುತ್ತದೆ. ಅಲ್ಲಿ ಧಾನ್ಯ ಇಂಧನವಾದಾಗ ಆ ಕೊರತೆ ತುಂಬಲು ಲೋಕದ ಇನ್ನಾವುದೋ ಮೂಲೆಯಲ್ಲಿ ಕಾಡು ಕಡಿದು ಹೊಲವಾಗುತ್ತದೆಂದೂ, ಆ ಕಾಡಿನಿಂದ ಹೊರಬೀಳುವ ಇಂಗಾಲವನ್ನು ಕೂಡಿಸಿದರೆ ಉಳಿತಾಯವೆಂದು ತೋರಿದ್ದು ನಷ್ಟವಾಗುತ್ತದೆಂದೂ ಟಿಮೊಥಿ ಸರ್ಚಿಂಜರ್ ಮತ್ತು ಸಂಗಡಿಗರು 2008 ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವಾದಿಸಿದರು. ಅದಕ್ಕೂ ಮುಂಚೆ, 2007 ರಲ್ಲಿ, ಆಹಾರದ ಹಕ್ಕಿನ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಜೀನ್ ಜೀಗ್ಲರ್ ಅನ್ನವನ್ನು ಸುಟ್ಟು ಇಂಧನ ಮಾಡುವುದು ಮನುಕುಲದ ವಿರುದ್ಧದ ಅಪರಾಧವೆಂದು ಕರೆದಿದ್ದರು. ಮಾತು ಕಠೋರವೆನಿಸಬಹುದು, ಆದರೆ ಆತ ಕೂಡಿಸಿದ್ದು ಹಸಿವಿನ ಲೆಕ್ಕ, ನಾವು ಕೂಡಿಸುತ್ತಿರುವುದು ಡಾಲರಿನ ಲೆಕ್ಕ.

ಖರಕರ್ಮದ ಲೆಕ್ಕ

ಈ ಎಲ್ಲ ಲೆಕ್ಕಗಳನ್ನು ಒಟ್ಟಿಗೆ ಇಡಲು ನಮ್ಮಲ್ಲೇ ಒಂದು ಹಳೆಯ ಖಾತೆಪುಸ್ತಕವಿದೆ. ಶ್ರಾವಕನು ಕೈಹಾಕಬಾರದ ಹದಿನೈದು ವೃತ್ತಿಗಳನ್ನು ಶ್ವೇತಾಂಬರ ಪರಂಪರೆ ಕರ್ಮಾದಾನಗಳೆಂದು ಹೆಸರಿಸಿತು. ಹೇಮಚಂದ್ರಾಚಾರ್ಯರು ಹನ್ನೆರಡನೆಯ ಶತಮಾನದಲ್ಲಿ ಯೋಗಶಾಸ್ತ್ರದಲ್ಲಿ ಅವನ್ನು ಒಂದೊಂದಾಗಿ ವಿವರಿಸಿದರು. ದಿಗಂಬರರಲ್ಲಿ ಪಂಡಿತ ಆಶಾಧರನು ಹದಿಮೂರನೆಯ ಶತಮಾನದ ಸಾಗಾರಧರ್ಮಾಮೃತದಲ್ಲಿ ಇವನ್ನೇ ಖರಕರ್ಮಗಳೆಂದು ಚರ್ಚಿಸಿದನು. ಆ ಪಟ್ಟಿಯಲ್ಲಿ ಮೂರನ್ನು ಇಲ್ಲಿ ನೋಡಿದರೆ ಸಾಕು.

ಒಂದು, ಯಂತ್ರಪೀಡನ: ಗಾಣದಲ್ಲಿ ಹಿಂಡುವುದು. ಹೇಮಚಂದ್ರರು ಉದಾಹರಣೆಗೆ ಎತ್ತಿಕೊಂಡದ್ದು ಎಳ್ಳು, ಸಾಸಿವೆ, ಹರಳು ಮತ್ತು ಕಬ್ಬು. ಎರಡು, ಸರಃಶೋಷ: ಕೆರೆ, ನದಿ, ಮಡುಗಳ ನೀರನ್ನು ಬಸಿದು ಬತ್ತಿಸುವುದು. ಮೂರು, ದವದಾನ: ಬೆಂಕಿಯಿಡುವುದು, ಅಭ್ಯಾಸಬಲದಿಂದ ಇಟ್ಟರೂ ಪುಣ್ಯವೆಂಬ ಬುದ್ಧಿಯಿಂದ ಇಟ್ಟರೂ ದೋಷವೇ ಎಂಬುದು ಅವರ ನಿರ್ಣಯ. ಎಂಟುನೂರು ವರ್ಷಗಳ ಹಿಂದಿನ ಈ ಮೂರು ಶಬ್ದಗಳು ಇಂದಿನ ಕಬ್ಬಿನ ಪ್ರದೇಶದ ಪರಿಸರ ವರದಿಯಂತೆ ಕೇಳಿಸುತ್ತವೆ. ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಹಚ್ಚುವುದು ಬೆಳಗಾವಿಯಿಂದ ಮಂಡ್ಯದವರೆಗೂ ರೂಢಿ. ಆ ಬೆಂಕಿಯಲ್ಲಿ ಎರೆಹುಳು, ಹಾವು, ಹಕ್ಕಿಯ ಮೊಟ್ಟೆ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಗಳು ಬೇಯುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ, ಘಟಪ್ರಭಾ ತೀರಗಳಲ್ಲಿ ಮೂಲ ಹೊಲಮನೆಗಳನ್ನು ಉಳಿಸಿಕೊಂಡಿರುವ ನಮ್ಮ ಓದುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವರ್ಷಗಟ್ಟಲೆ ನೀರು ನಿಲ್ಲಿಸಿ ಕಬ್ಬು ಬೆಳೆದು ಸವಳು-ಜವಳಾಗಿ, ಬೀಜ ಹಾಕಿದರೆ ಮೊಳೆಯದ ಹೊಲಗಳು ಅಥಣಿ, ಚಿಕ್ಕೋಡಿ, ಶಿರೋಳ, ಸಾಂಗಲಿಗಳಲ್ಲಿ ಎಷ್ಟಿವೆಯೆಂದು ಊರಿಗೆ ಹೋದಾಗ ಕಣ್ಣಾರೆ ನೋಡಿದವರೇ ನಾವು.

ಕಾರ್ಖಾನೆಯ ಹಿಂಬದಿಯ ಸಂಗತಿ ಇನ್ನೊಂದು. ಕಾಕಂಬಿಯಿಂದ ಒಂದು ಲೀಟರ್ ಎಥನಾಲ್ ತೆಗೆದರೆ ಎಂಟರಿಂದ ಹದಿನೈದು ಲೀಟರ್ ಕಪ್ಪು ತ್ಯಾಜ್ಯನೀರು ಹುಟ್ಟುತ್ತದೆ. ಶುದ್ಧೀಕರಿಸಿದರೆ ಸರಿ, ಕದ್ದು ಹಳ್ಳಕ್ಕೆ ಬಿಟ್ಟರೆ ಮೀನು ತೇಲುತ್ತವೆ, ಬಾವಿ ಕೆಡುತ್ತದೆ. ಪಂಜಾಬದ ಜೀರಾ ಪ್ರದೇಶದ ಹಳ್ಳಿಗರು ಅಂತರ್ಜಲ ಕೆಟ್ಟಿತೆಂದು ದೂರಿ ಎಥನಾಲ್ ಕಾರ್ಖಾನೆಯ ಮುಂದೆ 2022 ರ ಜುಲೈಯಿಂದ ತಿಂಗಳುಗಟ್ಟಲೆ ಕುಳಿತರು; 2023 ರ ಜನವರಿಯಲ್ಲಿ ಅದನ್ನು ಮುಚ್ಚಿಸುವುದಾಗಿ ಮುಖ್ಯಮಂತ್ರಿಯೇ ಘೋಷಿಸಬೇಕಾಯಿತು.

ಇನ್ನು ಮನುಷ್ಯರ ಲೆಕ್ಕ. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಪ್ರತಿವರ್ಷ ಕಬ್ಬು ಕಡಿಯಲು ಹೊರಡುವ ಗಂಡಹೆಂಡಿರ ಜೋಡಿಯನ್ನು ಗುತ್ತಿಗೆಯ ಭಾಷೆಯಲ್ಲಿ 'ಕೋಯ್ತಾ' ಎನ್ನುತ್ತಾರೆ, ಅಂದರೆ ಕುಡುಗೋಲು. ಇಬ್ಬರು ಮನುಷ್ಯರು ಸೇರಿ ಒಂದು ಹತಾರ. ಆ ಜಿಲ್ಲೆಯಲ್ಲಿ 2019 ರಲ್ಲಿ ಸಮೀಕ್ಷೆಗೊಳಪಟ್ಟ 82 ಸಾವಿರ ಕಬ್ಬು ಕಡಿಯುವ ಹೆಣ್ಣುಮಕ್ಕಳಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಒಂದು ದಿನ ರಜೆ ಹಾಕಿದರೂ ದಂಡ ತೆರಬೇಕಾದ ದುಡಿಮೆಯಲ್ಲಿ ತಿಂಗಳ ಮುಟ್ಟೂ ನಷ್ಟವೇ. ಎಥನಾಲನ್ನು ಹಸಿರು ಎನ್ನುವಾಗ ಈ ಕೆಂಪನ್ನು ಎಲ್ಲಿ ಮುಚ್ಚಿಡೋಣ?

ರೈತನಿಗಾದರೂ ಒಳ್ಳೆಯದಾಯಿತೇ? ಅನ್ನದಾತನು ಊರ್ಜಾದಾತನೂ ಆದನೆಂದು ಸಚಿವರು ವೇದಿಕೆಗಳಲ್ಲಿ ಹೊಗಳುತ್ತಾರೆ. ಬಾಕಿ ಹಣ ಮೊದಲಿಗಿಂತ ಬೇಗ ಕೈಸೇರುತ್ತಿರುವುದು ಒಪ್ಪತಕ್ಕ ಮಾತೇ. ಆದರೆ ಕಬ್ಬಿನ ಕನಿಷ್ಠ ದರ ನಿಗದಿಯಾಗುವುದು ಸಕ್ಕರೆಯ ಇಳುವರಿಯ ಮೇಲೆ. ಎಥನಾಲಿನ ಆದಾಯದಲ್ಲಿ ತಮಗೂ ಪಾಲು ಬರಬೇಕೆಂದು ರೈತ ಸಂಘಟನೆಗಳು ಕೇಳುತ್ತಲೇ ಇವೆ. 2025 ರ ನವೆಂಬರಿನಲ್ಲಿ, ಇ-20 ಗುರಿ ಮುಟ್ಟಿದ ಅದೇ ವರ್ಷ, ಬೆಳಗಾವಿ ಜಿಲ್ಲೆಯ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಗುರ್ಲಾಪುರದಲ್ಲಿ ರಸ್ತೆಗಿಳಿಯಬೇಕಾಯಿತು. ಊರ್ಜಾದಾತನೆಂಬ ಬಿರುದು ರೈತನಿಗೆ, ಊರ್ಜೆಯ ಲಾಭ ಕಾರ್ಖಾನೆಗೆ. ಬಹುತೇಕ ಕಾರ್ಖಾನೆಗಳ ಒಡೆತನ ಪಕ್ಷಭೇದವಿಲ್ಲದೆ ರಾಜಕಾರಣಿಗಳ ಕೈಯಲ್ಲಿರುವುದರಿಂದ ಈ ಪ್ರಶ್ನೆಯನ್ನು ಶಾಸನಸಭೆಗಳಲ್ಲಿ ಕೊನೆಯವರೆಗೂ ಕೇಳುವವರಿಲ್ಲ.

ನಮ್ಮ ಪಾಲಿನ ಲೆಕ್ಕ

"ಕೃಷಿಯಲ್ಲಿ, ಉದ್ಯಮದಲ್ಲಿ ಆಗುವುದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಅದು ಅನಿವಾರ್ಯ" ಎಂದು ಸಮಾಧಾನ ಹೇಳುವ ಪಂಡಿತರು ನಮ್ಮಲ್ಲಿದ್ದಾರೆ. ಶಾಸ್ತ್ರ ಅನಿವಾರ್ಯವನ್ನು ಸಹಿಸಿತು, ಅಳತೆ ಮೀರಿದ್ದನ್ನು ಸಹಿಸಲಿಲ್ಲ. ಹೊಟ್ಟೆಗಾಗಿ ಉಳುವುದಕ್ಕೂ ನೂರು ಹೆಜ್ಜೆಯ ದಾರಿಗೆ ಕಾರು ತೆಗೆಯಲೆಂದು ಉಳಿಸುವುದಕ್ಕೂ ವ್ಯತ್ಯಾಸ ಕಾಣದವರು ಅಣುವ್ರತವನ್ನು ಅನುಕೂಲವ್ರತ ಮಾಡಿಕೊಂಡಿದ್ದಾರೆ. ಹಿಂಸೆಯನ್ನು ನಮ್ಮವರು ಕೃತ, ಕಾರಿತ, ಅನುಮೋದಿತವೆಂದು ಮೂರಾಗಿ ಎಣಿಸಿದರು. ಕಬ್ಬು ಬೆಳೆಯುವವರಾಗಿ, ಕಾರ್ಖಾನೆಗಳ ಆಡಳಿತ ಮಂಡಳಿಗಳ ಸದಸ್ಯರಾಗಿ ನಮ್ಮವರಿದ್ದಾರೆ. ಮುಂಬಯಿಯ ಷೇರುಪೇಟೆಯಲ್ಲಿ ಎಥನಾಲ್ ಕಂಪನಿಗಳ ಷೇರು ಏರಿದಾಗ ಹಿಗ್ಗುವವರಲ್ಲಿಯೂ ನಮ್ಮವರಿದ್ದಾರೆ. ಬಂಕಿನ ಸಾಲಿನಲ್ಲಿ ನಾವೆಲ್ಲರೂ ಇದ್ದೇವೆ. ಮೂರೂ ಕಲಮುಗಳಲ್ಲಿ ನಮ್ಮ ಹೆಸರಿದೆ.

ಹಾಗಾದರೆ ಜೈವಿಕ ಇಂಧನವೇ ಬೇಡವೇ? ಬೇಕು, ಆದರೆ ವಿವೇಕದಿಂದ. ಪಾನಿಪತ್ತಿನಲ್ಲಿ 2022 ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಇಂಡಿಯನ್ ಆಯಿಲ್ ಘಟಕವನ್ನು ನೋಡಿ: ವರ್ಷಕ್ಕೆ ಎರಡು ಲಕ್ಷ ಟನ್ ಭತ್ತದ ಹುಲ್ಲಿನಿಂದ ಮೂರು ಕೋಟಿ ಲೀಟರ್ ಎಥನಾಲ್ ತೆಗೆಯುವ ಉದ್ದೇಶ ಅದರದು. ಹೊಲದಲ್ಲಿ ಸುಟ್ಟು ದೆಹಲಿಯ ಉಸಿರು ಕಟ್ಟಿಸುತ್ತಿದ್ದ ಹುಲ್ಲು ಇಂಧನವಾದರೆ ಹಿಂಸೆ ಎರಡು ಕಡೆ ತಗ್ಗುತ್ತದೆ. ನಮ್ಮ ಹೊಂಗೆಯನ್ನು ನೋಡಿ: ಬದುವಿನಲ್ಲಿ, ಬರಡಿನಲ್ಲಿ, ಯಾರೂ ನೀರೆರೆಯದೆ ಬೆಳೆಯುವ ಮರ, ಕೊಡಲಿ ತಾಕಿಸದೆ ಬೀಜ ಮಾತ್ರ ಆಯ್ದರೆ ಎಣ್ಣೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಯ ಜನರೇಟರುಗಳನ್ನು ಓಡಿಸಿ ತೋರಿಸಿದ್ದರು. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನವೂ ಇದೇ ದಾರಿಯ ಪ್ರಯತ್ನ. ಕಬ್ಬಿಗೆ ಸಿಕ್ಕ ಸಾಲ, ಬಡ್ಡಿರಿಯಾಯಿತಿ, ಖಚಿತ ಖರೀದಿಗಳಲ್ಲಿ ಹತ್ತನೇ ಒಂದು ಪಾಲು ಹೊಂಗೆಗೆ ಸಿಕ್ಕಿದ್ದರೆ ಅದರ ಗತಿ ಬೇರೆಯಾಗುತ್ತಿತ್ತು.

ಸರ್ಕಾರವನ್ನು ನಾವು ಕೇಳಬೇಕಾದದ್ದು ಮೂರು. ಬಂಕಿನಲ್ಲಿ ಮಾರುವ ಎಥನಾಲ್ ಯಾವ ಮೂಲದ್ದು, ಅದಕ್ಕೆ ಎಷ್ಟು ನೀರು ಹಿಡಿಯಿತು ಎಂಬುದನ್ನು ಪ್ರತಿವರ್ಷ ಪ್ರಕಟಿಸಲಿ. ಕಬ್ಬಿನ ಹಾಲು ಮತ್ತು ತಿನ್ನಲು ಯೋಗ್ಯವಾದ ಅಕ್ಕಿಯಿಂದ ಎಥನಾಲ್ ತೆಗೆಯುವುದನ್ನು ನಿಲ್ಲಿಸಿ, ಹುಲ್ಲು, ಸಗಣಿ, ಕೊನೆಯ ಕಾಕಂಬಿಗಳಿಗೆ ಹೆಚ್ಚಿನ ಬೆಲೆ ಕೊಡಲಿ. ಈ ಎರಡೂ ಆಗುವವರೆಗೆ ಮಿಶ್ರಣವನ್ನು ಶೇಕಡ 20 ರಿಂದ 27 ಕ್ಕೆ ಏರಿಸುವ ಮಾತನ್ನು ಬದಿಗಿಡಲಿ.

ಸಮಾಜವನ್ನು ಕೇಳಬೇಕಾದದ್ದೂ ಇದೆ. 1899 ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಬೋರ್ಡಿಂಗುಗಳನ್ನು ಕಟ್ಟಿ ಒಂದು ತಲೆಮಾರನ್ನೇ ಓದಿಸಿತು. ಅಂತಹ ಸಂಸ್ಥೆಗಳು ಇಂದು ಕಬ್ಬಿನ ಸೀಮೆಯಲ್ಲಿ ರವದಿ ಸುಡದ ವ್ರತವನ್ನು, ಹನಿ ನೀರಾವರಿಯನ್ನು ಧಾರ್ಮಿಕ ಕಾರ್ಯಕ್ರಮವಾಗಿಯೇ ಕೈಗೆತ್ತಿಕೊಳ್ಳಬಹುದು. ನಮ್ಮ ಗೋಶಾಲೆ, ಪಾಂಜರಪೋಳಗಳ ಸಗಣಿ ಅನಿಲವಾಗಲಿ. ನಗರಗಳ ಬಸದಿಗಳ ಭೋಜನಶಾಲೆಗಳಲ್ಲಿ, ಪಂಚಕಲ್ಯಾಣದ ಅಡುಗೆಮನೆಗಳಲ್ಲಿ ಕರಿದು ಉಳಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ ಜೈವಿಕ ಡೀಸೆಲ್ ತಯಾರಕರಿಗೆ ಕೊಡಲಿ. ಆಹಾರ ಸುರಕ್ಷತಾ ಪ್ರಾಧಿಕಾರ 2018 ರಿಂದಲೇ ಇದಕ್ಕೆ ಯೋಜನೆ ಮಾಡಿದೆ. ಆಡಳಿತ ಮಂಡಳಿಗಳಲ್ಲಿರುವ ನಮ್ಮವರನ್ನು ಹಾರ ಹಾಕಿ ವೇದಿಕೆಗೆ ಕರೆಯುವ ಮೊದಲು, ತಮ್ಮ ಕಾರ್ಖಾನೆಯ ತ್ಯಾಜ್ಯನೀರು ಎಲ್ಲಿಗೆ ಹೋಗುತ್ತದೆ, ಕಬ್ಬು ಕಡಿಯುವ ಹೆಣ್ಣುಮಗಳಿಗೆ ರಜೆಯಿದೆಯೇ ಎಂದು ಸಭೆಯಲ್ಲಿ ಕೇಳುವ ಧೈರ್ಯ ನಮಗಿರಲಿ.

ಕೊನೆಗೆ ಉಳಿಯುವುದು ಮನೆಯ ಲೆಕ್ಕ. ಯಾವ ಇಂಧನ ಎಂಬ ಪ್ರಶ್ನೆಗಿಂತ ಎಷ್ಟು ಇಂಧನ ಎಂಬ ಪ್ರಶ್ನೆ ದೊಡ್ಡದು; ಅದನ್ನು ಕೇಳಲು ನಮಗೆ ಹೊಸ ಪರಿಭಾಷೆ ಬೇಕಾಗಿಲ್ಲ. ಇಷ್ಟು ದಿಕ್ಕು, ಇಷ್ಟು ದೂರ ಎಂದು ಸಂಚಾರಕ್ಕೆ ಗಡಿ ಹಾಕಿಕೊಳ್ಳುವ ದಿಗ್ವ್ರತ, ಭೋಗೋಪಭೋಗಕ್ಕೆ ಪರಿಮಾಣ ಹಾಕಿಕೊಳ್ಳುವ ವ್ರತ ಶ್ರಾವಕನ ಹನ್ನೆರಡು ವ್ರತಗಳಲ್ಲೇ ಇವೆ. ಮುಂದಿನ ಚಾತುರ್ಮಾಸದಲ್ಲಿ ಹಸಿರು ತರಕಾರಿ ಬಿಡುವವರು ತಿಂಗಳಿಗೆ ಇಷ್ಟೇ ಲೀಟರ್ ಎಂದು ಪೆಟ್ರೋಲಿಗೂ ನಿಯಮ ಹಾಕಿಕೊಳ್ಳಲಿ. ಲೋಕಲ್ ರೈಲು, ಮೆಟ್ರೋ ಇರುವ ಊರುಗಳಲ್ಲಿ ವಾಸಿಸುವ ನಮಗೆ ಇದು ಊರಿನವರಿಗಿಂತ ಸುಲಭ.

ವರ್ಷವಿಡೀ ಉಪವಾಸವಿದ್ದ ವೃಷಭದೇವನಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಮೊದಲ ಆಹಾರವಾಗಿ ಕೊಟ್ಟದ್ದು ಕಬ್ಬಿನ ಹಾಲು. ಅಕ್ಷಯ ತೃತೀಯೆಯಂದು ನಾವು ಇಂದಿಗೂ ನೆನೆಯುವ ಆ ದಾನದಲ್ಲಿ ಇದ್ದುದು ಒಂದು ಅಂಜಲಿಯಷ್ಟು ರಸ, ಹಸಿದ ಯತಿಗೆ. ಅದೇ ರಸವನ್ನು ಹಸಿವೇ ಇಲ್ಲದ ಯಂತ್ರಕ್ಕೆ ಕೋಟಿ ಕೋಟಿ ಲೀಟರ್ ಎರೆಯುವ ಕಾಲದಲ್ಲಿ, ಯಾರಿಗೆ ಎಷ್ಟು ಎಂದು ಕೇಳುವವರು ಶ್ರಾವಕರಲ್ಲದೆ ಇನ್ನಾರು?